ಮನೆಬಳಕೆಗೆ ಚಿಕ್ಕ ಟ್ಯಾಬ್ಲೆಟ್: ಆಯ್ಕೆ ಮಾಡುವ ಕ್ರಮ

ಬಿತ್ತನೆ ಬೀಜ ಕೊಳ್ಳುವಾಗ ತಿಳಿದ ರೈತರು ಚೀಲದ ಮೇಲಿನ ಬಣ್ಣದ ಚಿತ್ರಕ್ಕೆ ಮರುಳಾಗುವುದಿಲ್ಲ. ಚೀಲಕ್ಕೆ ಹೊಲಿದಿರುವ ಚೀಟಿಯನ್ನು ತಿರುಗಿಸಿ ತಳಿ, ಮೊಳಕೆಯ ಪ್ರಮಾಣ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ಓದಿ, ಆಮೇಲೆ ಹಣ ಕೊಡುತ್ತಾರೆ. ಅದೇ ರೈತರು ಮಕ್ಕಳ ಓದಿಗೆಂದೋ ಮನೆಯ ಬಳಕೆಗೆಂದೋ ಟ್ಯಾಬ್ಲೆಟ್ ಕೊಳ್ಳಲು ಅಂಗಡಿಗೆ ಹೋದಾಗ ಈ ಎಚ್ಚರಿಕೆಯನ್ನು ಮರೆಯುವುದುಂಟು. ಆರೇಳು ತಿಂಗಳಲ್ಲಿ ಅದು ನಿಧಾನವಾಗಿ, ವರ್ಷ ಕಳೆಯುವುದರೊಳಗೆ ಮೂಲೆ ಸೇರುತ್ತದೆ. ಬಿತ್ತನೆಯ ಖರ್ಚಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ಹೀಗೆ ಪೋಲಾಗಬಾರದು. ಟ್ಯಾಬ್ಲೆಟ್ಟಿನ ಚೀಟಿಯನ್ನು ಓದುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಮೊದಲು ಅವಶ್ಯಕತೆಯನ್ನು ನಿರ್ಧರಿಸಿ

ಟ್ಯಾಬ್ಲೆಟ್ ಎಂದರೆ ಸ್ಲೇಟಿನಂತೆ ಚಪ್ಪಟೆಯಾಗಿದ್ದು, ಫೋನಿಗಿಂತ ದೊಡ್ಡ ಪರದೆಯುಳ್ಳ ಉಪಕರಣ. ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಅಂಗುಲದಲ್ಲಿ ಹೇಳುತ್ತಾರೆ. ಸುಮಾರು ಎಂಟರಿಂದ ಒಂಬತ್ತು ಅಂಗುಲದ್ದು ಚಿಕ್ಕದು. ಹತ್ತು, ಹನ್ನೊಂದು ಅಂಗುಲದ್ದು ದೊಡ್ಡದು. ಚಿಕ್ಕದನ್ನು ಒಂದೇ ಕೈಯಲ್ಲಿ ಹಿಡಿಯಬಹುದು, ಚೀಲದಲ್ಲಿಟ್ಟು ಹೊಲಕ್ಕೂ ಒಯ್ಯಬಹುದು. ಮನೆಬಳಕೆಗೆ ಇದು ಸೂಕ್ತ.

ಪಹಣಿ ನೋಡುವುದು, ಮಾರುಕಟ್ಟೆಯ ಧಾರಣೆ ತಿಳಿಯುವುದು, ಬೇಸಾಯದ ಚಲನಚಿತ್ರಗಳನ್ನು ಮನೆಮಂದಿ ಕೂಡಿ ನೋಡುವುದು ಇವಕ್ಕೆಲ್ಲ ದೊಡ್ಡ ಪರದೆ ಅನುಕೂಲ. ಕೇಂದ್ರ ಸರ್ಕಾರದ ಸಂಸ್ಥೆಗಳು 2019ರಲ್ಲಿ ಹೊರತಂದ ‘ಮೇಘದೂತ್’ ಆ್ಯಪ್‌ನಲ್ಲಿ ಜಿಲ್ಲಾವಾರು ಹವಾಮಾನ ಸಲಹೆ ಸಿಗುತ್ತದೆ. 2017ರಲ್ಲಿ ಆರಂಭವಾದ ‘ದೀಕ್ಷಾ’ದಲ್ಲಿ ಮಕ್ಕಳಿಗೆ ಕನ್ನಡ ಮಾಧ್ಯಮದ ಪಾಠಗಳಿವೆ. ಆದರೆ ಮಾತನಾಡುವುದು, ಹಣ ಕಳಿಸುವುದು ಇಷ್ಟೇ ನಿಮ್ಮ ಕೆಲಸವಾಗಿದ್ದರೆ ಕೈಯಲ್ಲಿರುವ ಫೋನೇ ಸಾಕು. ಟ್ಯಾಬ್ಲೆಟ್ ಕೊಳ್ಳದಿರುವುದೇ ಅಲ್ಲಿ ಉತ್ತಮ ಆಯ್ಕೆ.

ಬೆಲೆಯನ್ನು ವರ್ಷಗಳಿಂದ ಭಾಗಿಸಿ

ಅಂಗಡಿಯಲ್ಲಿ ಕೊಡುವ ಹಣವೇ ನಿಜವಾದ ಬೆಲೆಯಲ್ಲ. ಎಷ್ಟು ವರ್ಷ ಕೆಲಸ ಕೊಡುತ್ತದೆ ಎಂಬುದರ ಮೇಲೆ ಬೆಲೆ ನಿಂತಿದೆ. ಉದಾಹರಣೆಗೆ, 6,000 ರೂಪಾಯಿಯ ಒಂದು ಟ್ಯಾಬ್ಲೆಟ್ ಒಂದೂವರೆ ವರ್ಷ ಬಾಳಿತೆಂದು ಭಾವಿಸೋಣ. ವರ್ಷಕ್ಕೆ ಬಿದ್ದ ಖರ್ಚು 4,000 ರೂಪಾಯಿ. 12,000 ರೂಪಾಯಿಯದು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 3,000 ರೂಪಾಯಿ ಮಾತ್ರ. ಅಗ್ಗವೆಂದು ತಂದದ್ದೇ ದುಬಾರಿಯಾಯಿತು.

ಇದಕ್ಕೆ ನಮ್ಮ ದೇಶದಲ್ಲೇ ಒಂದು ನಿದರ್ಶನವಿದೆ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಏಳು ಅಂಗುಲದ, ಅತಿ ಕಡಿಮೆ ಬೆಲೆಯ ಟ್ಯಾಬ್ಲೆಟ್ ಬಿಡುಗಡೆಯಾಯಿತು. ಅದರ ರ್‍ಯಾಮ್ ಕೇವಲ 256 ಎಂಬಿ. ಪರದೆಯು ಬೆರಳಿನಿಂದ ಒತ್ತಿದರೆ ಮಾತ್ರ ಕೆಲಸ ಮಾಡುವಂಥದು. ನಿಧಾನ, ಬ್ಯಾಟರಿ ಬೇಗ ಮುಗಿಯುತ್ತದೆ ಎಂಬ ದೂರುಗಳು ಬಂದವು. 2012ರ ನವೆಂಬರಿನಲ್ಲಿ ಬಂದ ಎರಡನೆಯ ಆಕಾಶ್‌ನಲ್ಲಿ ರ್‍ಯಾಮನ್ನು ಎರಡು ಪಟ್ಟು ಮಾಡಿ, ಪರದೆಯ ಬಗೆಯನ್ನೂ ಬದಲಾಯಿಸಬೇಕಾಯಿತು. ಬೆಲೆಯೊಂದನ್ನೇ ಇಳಿಸಿದರೆ ಸಾಲದು, ಕೆಲಸ ನಡೆಯುವಷ್ಟು ಸಾಮರ್ಥ್ಯ ಇರಲೇಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ಕಣ ಮತ್ತು ಕಣಜ

ಟ್ಯಾಬ್ಲೆಟ್ಟಿನ ಪೆಟ್ಟಿಗೆಯ ಮೇಲೆ ‘4 ಜಿಬಿ, 64 ಜಿಬಿ’ ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ರ್‍ಯಾಮ್, ಎರಡನೆಯದು ಸಂಗ್ರಹ. ರ್‍ಯಾಮ್ ಎಂದರೆ ಒಕ್ಕಣೆಯ ಕಣವಿದ್ದಂತೆ. ನಡೆಯುತ್ತಿರುವ ಕೆಲಸಕ್ಕೆ ಬೇಕಾದ ಜಾಗ. ಸಂಗ್ರಹ ಎಂದರೆ ಕಣಜ. ಚಿತ್ರ, ಪುಸ್ತಕ, ಆ್ಯಪ್‌ಗಳು ಉಳಿಯುವ ಜಾಗ. ಕಣ ಇಕ್ಕಟ್ಟಾದರೆ ಕಣಜ ಎಷ್ಟೇ ದೊಡ್ಡದಿದ್ದರೂ ಒಕ್ಕಣೆ ಸಾಗುವುದಿಲ್ಲ.

ಈಗಿನ ದಿನಗಳಲ್ಲಿ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಇರುವುದನ್ನೇ ಆರಿಸಬೇಕು. 32 ಜಿಬಿಯದನ್ನು ಕೊಂಡರೆ ಸುಮಾರು ಅರ್ಧದಷ್ಟು ಜಾಗವನ್ನು ಟ್ಯಾಬ್ಲೆಟ್ಟಿನ ಸ್ವಂತ ತಂತ್ರಾಂಶವೇ ಹಿಡಿದುಕೊಳ್ಳುತ್ತದೆ. ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇದ್ದರೆ ಒಳ್ಳೆಯದು. ಪಾಠಗಳನ್ನೂ ಚಿತ್ರಗಳನ್ನೂ ಅದರಲ್ಲಿಡಬಹುದು. ಆದರೆ ಕಾರ್ಡ್ ಕಣಜವನ್ನು ಹಿಗ್ಗಿಸುತ್ತದೆಯೇ ಹೊರತು ಕಣವನ್ನಲ್ಲ.

ಇಲ್ಲೊಂದು ಮೋಸದ ಲೆಕ್ಕವನ್ನು ಗಮನಿಸಬೇಕು. ಕೆಲವು ಮಾರಾಟಗಾರರು ‘12 ಜಿಬಿ ರ್‍ಯಾಮ್’ ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ‘4+8’ ಎಂದು ಸೂಚಿಸಿರುತ್ತಾರೆ. ಇದರಲ್ಲಿ ನಿಜವಾದ ರ್‍ಯಾಮ್ 4 ಜಿಬಿ ಮಾತ್ರ. ಉಳಿದ 8 ಜಿಬಿ ಸಂಗ್ರಹದಿಂದ ಎರವಲು ತಂದದ್ದು, ಅಂದರೆ ಕಣಜದ ಮೂಲೆಯಲ್ಲಿ ಒಕ್ಕಣೆ ಮಾಡಿದಂತೆ. ಅದು ಕಣದಷ್ಟು ವೇಗವಾಗಿ ನಡೆಯದು. ಕೂಡಿಸಿದ ಅಂಕಿಗೆ ಬೆಲೆ ಕೊಡದೆ ಮೊದಲ ಅಂಕಿಯನ್ನೇ ನೋಡಿ.

ಅವಧಿಯ ದಿನಾಂಕ

ಬೀಜಕ್ಕೆ ಅವಧಿ ಇರುವಂತೆ ಟ್ಯಾಬ್ಲೆಟ್ಟಿಗೂ ಇದೆ. ಆದರೆ ಅದನ್ನು ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಕಳ್ಳರು ಒಳನುಗ್ಗದಂತೆ ಕಂಪನಿಯು ಆಗಾಗ ರಕ್ಷಣಾ ತಿದ್ದುಪಡಿಗಳನ್ನು ಕಳಿಸುತ್ತಿರುತ್ತದೆ. ಅವು ನಿಂತ ಮೇಲೆ ಆ ಟ್ಯಾಬ್ಲೆಟ್ಟಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯಕರ. ಕಾಲಕ್ರಮೇಣ ಹೊಸ ಆ್ಯಪ್‌ಗಳೂ ಅದರಲ್ಲಿ ಕೂರುವುದಿಲ್ಲ.

ಹೆಚ್ಚಿನ ಟ್ಯಾಬ್ಲೆಟ್ಟುಗಳು ನಡೆಯುವುದು ಆಂಡ್ರಾಯ್ಡ್ ತಂತ್ರಾಂಶದಿಂದ. ಇದರ 13ನೆಯ ಆವೃತ್ತಿ 2022ರಲ್ಲಿ, 14 2023ರಲ್ಲಿ, 15 2024ರಲ್ಲಿ, 16 2025ರಲ್ಲಿ ಬಂದವು. ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಬ್ಲೆಟ್ ಕುರಿತು’ ಎಂಬಲ್ಲಿ ಆವೃತ್ತಿಯೂ ಕೊನೆಯ ರಕ್ಷಣಾ ತಿದ್ದುಪಡಿಯ ದಿನಾಂಕವೂ ಕಾಣುತ್ತವೆ. ಆ ದಿನಾಂಕ ವರ್ಷಕ್ಕಿಂತ ಹಳೆಯದಾಗಿದ್ದರೆ ಅದು ಕಪಾಟಿನಲ್ಲಿ ಉಳಿದ ಹಳೆಯ ಮಾಲು ಅಥವಾ ಕಂಪನಿ ಕೈಬಿಟ್ಟ ಮಾದರಿ ಎಂದು ತಿಳಿಯಬಹುದು. ‘ಈ ಮಾದರಿಗೆ ತಿದ್ದುಪಡಿ ಎಷ್ಟು ವರ್ಷ ಬರುತ್ತದೆ?’ ಎಂದು ಕೇಳಿ. ಖಚಿತವಾಗಿ ಉತ್ತರಿಸುವ ಕಂಪನಿಯದನ್ನೇ ಕೊಳ್ಳಿ.

ಸಿಮ್ ಬೇಕೆ, ಬೇಡವೆ?

ಒಂದೇ ಮಾದರಿಯು ಅನೇಕ ವೇಳೆ ಎರಡು ಬಗೆಯಲ್ಲಿ ಸಿಗುತ್ತದೆ. ವೈಫೈ ಮಾತ್ರ ಇರುವುದು ಅಗ್ಗ. ಸಿಮ್ ಹಾಕಬಹುದಾದದ್ದಕ್ಕೆ ಬೆಲೆ ಹೆಚ್ಚು. ಮನೆಯಲ್ಲಿ ಸ್ಮಾರ್ಟ್ ಫೋನ್ ಇದ್ದರೆ ಅದರ ಹಾಟ್‌ಸ್ಪಾಟ್ ತೆರೆದು, ಅದೇ ಇಂಟರ್ನೆಟ್ಟನ್ನು ಟ್ಯಾಬ್ಲೆಟ್ಟಿಗೂ ಹಂಚಬಹುದು. ಎರಡನೆಯ ಸಿಮ್ಮಿಗೆ ತಿಂಗಳಿಗೆ 200 ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ವರ್ಷಕ್ಕೆ 9,600 ರೂಪಾಯಿ ಆಗುತ್ತದೆ. ಅಂದರೆ ಇನ್ನೊಂದು ಟ್ಯಾಬ್ಲೆಟ್ಟಿಗೆ ಹತ್ತಿರದ ಹಣ. ವಾಟ್ಸಾಪನ್ನೂ ಫೋನಿನ ಖಾತೆಗೇ ಜೋಡಿಸಿ ಟ್ಯಾಬ್ಲೆಟ್ಟಿನಲ್ಲಿ ನೋಡಬಹುದು. ಬೇರೆ ಸಿಮ್ ಬೇಕಿಲ್ಲ.

ಆದರೆ ಎರಡು ವಿಷಯಗಳನ್ನು ನೆನಪಿಡಬೇಕು. ಹಣ ಪಾವತಿಯ ಯುಪಿಐ ಆ್ಯಪ್‌ಗಳು ಬ್ಯಾಂಕಿಗೆ ಕೊಟ್ಟ ಸಂಖ್ಯೆಯ ಸಿಮ್ಮಿನಿಂದ ಸಂದೇಶ ಕಳಿಸಿ ನೋಂದಣಿ ಮಾಡಿಕೊಳ್ಳುತ್ತವೆ. ಆದ್ದರಿಂದ ಆ ಕೆಲಸ ಫೋನಿನಲ್ಲೇ ಇರಲಿ. ಎರಡನೆಯದಾಗಿ, ವೈಫೈ ಮಾತ್ರ ಇರುವ ಕೆಲವು ಮಾದರಿಗಳಲ್ಲಿ ಸ್ಥಳ ಗುರುತಿಸುವ ಜಿಪಿಎಸ್ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದ ಬೆಳೆ ವಿವರವನ್ನು ಚಿತ್ರ ಸಹಿತ ದಾಖಲಿಸುವ ಅವಕಾಶವಾಯಿತು. ಅಂತಹ ಕೆಲಸಕ್ಕೆ ಟ್ಯಾಬ್ಲೆಟ್ ಬಳಸುವ ಉದ್ದೇಶವಿದ್ದರೆ ಜಿಪಿಎಸ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಬ್ಯಾಟರಿ ಮತ್ತು ವಿದ್ಯುತ್

ಚಿಕ್ಕ ಟ್ಯಾಬ್ಲೆಟ್ಟಿಗೆ 5,000 ಎಂಎಎಚ್ ಅಥವಾ ಅದಕ್ಕಿಂತ ಹೆಚ್ಚಿನ ಬ್ಯಾಟರಿ ಇರಲಿ. ಅದನ್ನು ಒಮ್ಮೆ ಪೂರ್ತಿ ತುಂಬಲು ಬೇಕಾಗುವ ವಿದ್ಯುತ್ ಬಹಳ ಕಡಿಮೆ. ಒಂದು ಯೂನಿಟ್ಟಿನಲ್ಲಿ ಸುಮಾರು ಮೂವತ್ತರಿಂದ ನಲವತ್ತು ಸಲ ತುಂಬಬಹುದು. ಆದ್ದರಿಂದ ಚಿಂತೆ ವಿದ್ಯುತ್ ಬಿಲ್ಲಿನದಲ್ಲ, ವೋಲ್ಟೇಜಿನದು. ಪಂಪ್‌ಸೆಟ್ಟಿನ ಮನೆಯಲ್ಲಿ, ಮೋಟಾರಿನ ಲೈನಿಗೆ ಚಾರ್ಜರ್ ಸಿಕ್ಕಿಸಬಾರದು. ಕೆಲವು ಪೆಟ್ಟಿಗೆಗಳಲ್ಲಿ ತಂತಿ ಮಾತ್ರ ಇದ್ದು ಚಾರ್ಜರ್ ಇರುವುದಿಲ್ಲ. ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಫೋನಿಗೂ ಟ್ಯಾಬ್ಲೆಟ್ಟಿಗೂ ಒಂದೇ ಬಗೆಯ ‘ಟೈಪ್ ಸಿ’ ತಂತಿ ಆಗುವಂತಿದ್ದರೆ ಅನುಕೂಲ.

ಅಂಗಡಿಯಲ್ಲಿ ಹತ್ತು ನಿಮಿಷದ ಪರೀಕ್ಷೆ

ಕೊಳ್ಳುವ ಮೊದಲು ಪ್ರದರ್ಶನಕ್ಕಿಟ್ಟ ಟ್ಯಾಬ್ಲೆಟ್ಟನ್ನು ಕೈಗೆ ಕೇಳಿ ಪಡೆದು ಈ ಕೆಳಗಿನಂತೆ ಪರೀಕ್ಷಿಸಿ:

1. ಕನ್ನಡದ ಒಂದು ಪುಟ ತೆರೆಯಿರಿ. ಇಂಗ್ಲಿಷ್ ಅಕ್ಷರ ಸ್ಪಷ್ಟವಾಗಿ ಕಂಡರೆ ಸಾಲದು. ‘ಲಕ್ಷ್ಮಿ’, ‘ಸ್ತ್ರೀ’, ‘ರಾಷ್ಟ್ರ’ ಮುಂತಾದ ಪದಗಳ ಒತ್ತಕ್ಷರಗಳು ಕಲಸಿಕೊಳ್ಳದೆ ಕಾಣಬೇಕು. ಎಂಟು ಅಂಗುಲದ ಪರದೆಗೆ 1280 × 800 ಚುಕ್ಕೆಗಳಿಗಿಂತ ಕಡಿಮೆ ಇರಬಾರದು.
2. ಅಂಗಡಿಯ ಹೊರಗೆ, ನೆರಳಿನಲ್ಲಿ ನಿಂತು ಓದಿ. ಓರೆಯಾಗಿ ಹಿಡಿದರೂ ಬಣ್ಣ ಕೆಡದಿದ್ದರೆ ಪರದೆ ಒಳ್ಳೆಯದು.
3. ಗೇಣುದ್ದ ದೂರದಿಂದ ಒಂದು ನೋಟಿನ ಸಣ್ಣ ಅಕ್ಷರಗಳ ಚಿತ್ರ ತೆಗೆಯಿರಿ. ಅಕ್ಷರ ಮಸುಕಾದರೆ ಎಲೆಚುಕ್ಕೆ, ನುಸಿಗಳ ಚಿತ್ರವೂ ಮಸುಕಾಗುತ್ತದೆ. ಅಂಥ ಚಿತ್ರ ನೋಡಿ ಯಾವ ತಜ್ಞರೂ ರೋಗ ಹೇಳಲಾರರು.
4. ಕನ್ನಡದಲ್ಲಿ ಬರೆದು ನೋಡಿ. ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡಿಯೂ ನೋಡಿ.
5. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇ ಪ್ರೊಟೆಕ್ಟ್’ ಪ್ರಮಾಣೀಕರಣ ಇದೆಯೇ ನೋಡಿ. ಹೆಸರಿಲ್ಲದ ಕಂಪನಿಗಳ ನಕಲಿ ಮಾಲು ಇಲ್ಲಿ ಸಿಕ್ಕಿಬೀಳುತ್ತದೆ.
6. ಪಂಪ್‌ಸೆಟ್ಟಿಗೆ ಐಎಸ್‌ಐ ಗುರುತು ನೋಡುವಂತೆ ಟ್ಯಾಬ್ಲೆಟ್ಟಿಗೂ ಚಾರ್ಜರಿಗೂ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಇಂಗ್ಲಿಷಿನ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ನೋಡಿ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ತಾಳೆ ನೋಡಬಹುದು.

ಸಿಮ್ ಹಾಕುವ ಬಗೆಯದಾದರೆ, ಅದರಲ್ಲೂ ಹಳೆಯದನ್ನು ಕೊಳ್ಳುವುದಾದರೆ, ಪೆಟ್ಟಿಗೆಯ ಮೇಲಿನ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಪರಿಶೀಲಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಕೆವೈಎಂ’ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಉಪಕರಣದ ವಿವರ ಬರುತ್ತದೆ. ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ನೂರು ರೂಪಾಯಿ ಉಳಿಸಿದವರು ವಾರಂಟಿಯನ್ನೇ ಕಳೆದುಕೊಳ್ಳುತ್ತಾರೆ. ದುರಸ್ತಿ ಕೇಂದ್ರ ನಿಮ್ಮ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ಇದೆಯೇ ಎಂದೂ ತಿಳಿದುಕೊಳ್ಳಿ. ಅಂಗಡಿಯವರಿಂದ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ತಂದ ಮೇಲೆ ಪಾಲನೆ

ಬಿಸಿಲಿನಲ್ಲಿ, ಟ್ರ್ಯಾಕ್ಟರಿನ ಮೇಲೆ ಟ್ಯಾಬ್ಲೆಟ್ಟನ್ನು ಬಿಡಬಾರದು. ಶಾಖಕ್ಕೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಹಿಂಬದಿ ಉಬ್ಬಿಕೊಂಡರೆ ಚಾರ್ಜ್ ಮಾಡುವುದನ್ನು ಕೂಡಲೇ ನಿಲ್ಲಿಸಿ. ಮೊದಲ ದಿನವೇ ಕವಚ ಹಾಗೂ ಪರದೆಯ ಗಾಜು ಹಾಕಿಸಿ. ಔಷಧಿ ಸಿಂಪಡಿಸಿ ಬಂದ ಕೈಯಲ್ಲಿ ಪರದೆ ಮುಟ್ಟಬೇಡಿ. ಸಾಬೂನಿನಿಂದ ಕೈ ತೊಳೆದೇ ಮುಟ್ಟಿ. ಅದೇ ಪರದೆಯನ್ನು ಸಂಜೆ ಮಕ್ಕಳು ಮುಟ್ಟುತ್ತಾರೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಸರ್ಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ‘ಎಪಿಕೆ’ ಕಡತಗಳನ್ನು ತೆರೆಯಲೇಬೇಡಿ. ಅವುಗಳ ಮೂಲಕ ಖಾತೆಯ ಹಣ ಕದಿಯುವ ವಂಚನೆಗಳು ನಡೆದಿವೆ. ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ಮಾತ್ರ ಪಡೆಯಿರಿ. ಹಣ ಹೋದದ್ದು ತಿಳಿದ ಕ್ಷಣವೇ 1930ಕ್ಕೆ ದೂರು ಕೊಡಿ. ತಡವಾದಷ್ಟೂ ಹಣ ಮರಳುವ ಆಸೆ ಕಡಿಮೆ.

ಸಾರಾಂಶ

ಎಂಟರಿಂದ ಒಂಬತ್ತು ಅಂಗುಲ ಪರದೆ, ನಿಜವಾದ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, 5,000 ಎಂಎಎಚ್ ಬ್ಯಾಟರಿ, ಕಾರ್ಡಿನ ಕಿಂಡಿ, ಇನ್ನೂ ಕೆಲವು ವರ್ಷ ಬರುವ ರಕ್ಷಣಾ ತಿದ್ದುಪಡಿ, ಹತ್ತಿರದ ದುರಸ್ತಿ ಕೇಂದ್ರ, ಕೈಯಲ್ಲೊಂದು ಬಿಲ್ಲು: ಇಷ್ಟಿದ್ದರೆ ಮನೆಬಳಕೆಗೆ ಸಾಕು. ಇದಕ್ಕಿಂತ ಹೆಚ್ಚಿನದಕ್ಕೆ ಸಾಲ ಮಾಡಬೇಕಿಲ್ಲ. ಇದಕ್ಕಿಂತ ಕಡಿಮೆಯದು ಅಗ್ಗವೆಂದು ಕೊಳ್ಳಬೇಕಾಗಿಯೂ ಇಲ್ಲ. ಅಂಗಡಿಯಲ್ಲಿ ಹೇಳುವ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ, ಬಂದ ಅಂಕಿಯನ್ನು ನೋಡಿ ಕೊಳ್ಳುವ ರೈತರಿಗೆ ನಷ್ಟವಾಗುವ ಸಂಭವ ಕಡಿಮೆ.