ಪಡೆದದ್ದನ್ನು ಹಿಂದಿರುಗಿಸಿ: ವರ್ಡ್‌ಪ್ರೆಸ್ ಹುಕ್ ಬಳಸುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ವರ್ಡ್‌ಪ್ರೆಸ್ ಸೈಟುಗಳಿಗೆ ಪ್ಲಗಿನ್ ಬರೆಯುವವರಿಗೆ, ಥೀಮಿನ ಫಂಕ್ಷನ್ಸ್ ಫೈಲಿಗೆ ನಾಲ್ಕು ಸಾಲು ಸೇರಿಸುವವರಿಗೆ, ಎಲ್ಲಿಂದಲೋ ಸಿಕ್ಕ ಕೋಡನ್ನು ತಂದು ಅಂಟಿಸುವವರಿಗೆ. ಕೋಡ್ ನಾಲ್ಕು ಸಾಲಿರಲಿ, ನಾಲ್ಕು ಸಾವಿರ ಸಾಲಿರಲಿ, ನಿಯಮ ಒಂದೇ. ಇದನ್ನು ಪಾಲಿಸದ ಕೋಡನ್ನು ಓದುಗರು ಬಳಸುತ್ತಿರುವ ಸೈಟಿಗೆ ಏರಿಸಬೇಡಿ.

ಇಷ್ಟು ಬಿಗಿ ಏಕೆ

ಕನ್ನಡ ಮಾಸಪತ್ರಿಕೆಯೊಂದರ ಸೈಟನ್ನು ನಾನು ನೋಡಿಕೊಳ್ಳುತ್ತಿದ್ದ ಕಾಲ. ಪ್ರತಿ ಲೇಖನದ ಕೊನೆಗೆ ಚಂದಾ ವಿವರ ಸೇರಿಸುವ ಪುಟ್ಟ ಫಿಲ್ಟರ್ ಬರೆದೆ. ಲೇಖನಗಳಲ್ಲಿ ಮಾತ್ರ ಕಾಣಲಿ ಎಂದು ಒಂದು ‘ಇಫ್’ ಹಾಕಿದೆ. ‘ರಿಟರ್ನ್’ ಸಾಲು ಆ ಇಫ್‌ನ ಒಳಗೇ ಉಳಿಯಿತು. ಲೇಖನ ತೆರೆದು ನೋಡಿದೆ, ಎಲ್ಲ ಸರಿಯಾಗಿತ್ತು. ಆದರೆ ‘ನಮ್ಮ ಬಗ್ಗೆ’, ‘ಸಂಪರ್ಕ’, ‘ಚಂದಾ’ ಪುಟಗಳಲ್ಲಿ ಶೀರ್ಷಿಕೆಯ ಕೆಳಗೆ ಬರೀ ಬಿಳಿ. ಪರದೆಯ ಮೇಲೆ ದೋಷದ ಸಂದೇಶವೂ ಇರಲಿಲ್ಲ. ಚಂದಾ ಕಟ್ಟಲು ಬಂದವರು ಖಾಲಿ ಪುಟ ನೋಡಿ ಹೊರಟುಹೋದರು. ಡೇಟಾಬೇಸಿನಲ್ಲಿ ಬರಹ ಹಾಗೇ ಇತ್ತು. ಅದು ಓದುಗರ ಕಣ್ಣಿಗೆ ಬೀಳುವ ಮುನ್ನ ನನ್ನ ಫಂಕ್ಷನ್ ನುಂಗಿಬಿಟ್ಟಿತ್ತು. ಕೆಳಗಿನ ನಿಯಮಗಳ ಬಹುಪಾಲು ಹೀಗೆ ಯಾರಾದರೊಬ್ಬರು ತೆತ್ತ ಬೆಲೆಯಿಂದ ಬಂದವು.

ಹುಕ್ ಎಂದರೇನು

ವರ್ಡ್‌ಪ್ರೆಸ್ ಹೊರಬಂದದ್ದು 2003ರ ಮೇ 27ರಂದು. ಬಿ2 ಎಂಬ ಹಳೆಯ ತಂತ್ರಾಂಶದಿಂದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಇದನ್ನು ಕವಲೊಡೆಸಿದರು. 2004ರ 1.2 ಆವೃತ್ತಿಯಲ್ಲಿ ಪ್ಲಗಿನ್ ವ್ಯವಸ್ಥೆ ಬಂತು. ಅಂದಿನಿಂದ ‘ಕೋರ್’ ಎಂಬ ಮೂಲ ಕೋಡನ್ನು ಮುಟ್ಟದೆಯೇ ಅದರ ನಡೆಯನ್ನು ಬದಲಿಸಬಹುದು. ಆ ದಾರಿಯೇ ಹುಕ್.

ಒಂದು ಪುಟ ಕಟ್ಟುವಾಗ ಕೋರ್ ಗೊತ್ತಾದ ಜಾಗಗಳಲ್ಲಿ ನಿಂತು, ಇಲ್ಲಿ ಯಾರಿಗಾದರೂ ಕೆಲಸವಿದೆಯೇ ಎಂದು ಕೇಳುತ್ತದೆ. ‘ಆ್ಯಕ್ಷನ್’ ಹುಕ್ ಎಂದರೆ ಬರೀ ಕರೆ: ಈ ಹೊತ್ತು ಬಂತು, ಮಾಡುವುದಿದ್ದರೆ ಮಾಡಿ. ‘ಫಿಲ್ಟರ್’ ಹಾಗಲ್ಲ, ಅದು ಕೈಗೆ ವಸ್ತುವನ್ನೇ ಕೊಡುತ್ತದೆ. ಬಾವಿಕಟ್ಟೆಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೆನೆಯಿರಿ. ನಡುವೆ ನಿಂತವರು ನೀರಿಗೆ ಏನಾದರೂ ಬೆರೆಸಬಹುದು, ಸೋಸಬಹುದು. ಆದರೆ ಕೊಡವನ್ನು ಮುಂದಕ್ಕೆ ಕೊಡಲೇಬೇಕು. ಒಬ್ಬರು ಕೆಳಗಿಟ್ಟರೆ ಆಚೆಯವರ ಕೈಗೆ ಬರುವುದು ಗಾಳಿ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಒಳಗೆ ಈ ಎರಡೂ ಒಂದೇ. ‘ಆ್ಯಡ್ ಆ್ಯಕ್ಷನ್’ ಎಂಬ ಫಂಕ್ಷನ್ ತನ್ನೊಳಗೆ ‘ಆ್ಯಡ್ ಫಿಲ್ಟರ್’ ಅನ್ನೇ ಕರೆಯುತ್ತದೆ. 2016ರ 4.7 ಆವೃತ್ತಿಯಿಂದ ಎರಡರ ಪಟ್ಟಿಯನ್ನೂ ‘ಡಬ್ಲ್ಯೂಪಿ ಹುಕ್’ ಎಂಬ ಒಂದೇ ಕ್ಲಾಸ್ ನೋಡಿಕೊಳ್ಳುತ್ತದೆ. ನೀವು ಕೊಡವನ್ನು ಕೆಳಗಿಟ್ಟರೆ ಯಂತ್ರ ಎಚ್ಚರಿಸುವುದಿಲ್ಲ. ಭೇದವನ್ನು ಕಾಯಬೇಕಾದವರು ಬರೆಯುವವರೇ. ಅದಕ್ಕಾಗಿ ಈ ಸೂಚನೆ.

ಮಾಡಬೇಕಾದ್ದು

1. ಫಿಲ್ಟರಿನ ಎಲ್ಲ ದಾರಿಯಲ್ಲೂ ರಿಟರ್ನ್ ಇರಲೇಬೇಕು. ಷರತ್ತು ಈಡೇರಿದರೆ ಬದಲಿಸಿದ್ದನ್ನು ಕೊಡಿ, ಈಡೇರದಿದ್ದರೆ ಬಂದದ್ದನ್ನು ಬಂದಹಾಗೆ ಕೊಡಿ. ಒಳ್ಳೆಯ ರೂಢಿಯೆಂದರೆ ಫಂಕ್ಷನಿನ ಮೊದಲಿಗೇ ‘ನನ್ನ ಕೆಲಸವಿಲ್ಲದಿದ್ದರೆ ಹಾಗೇ ಹಿಂದಿರುಗಿಸು’ ಎಂಬ ಸಾಲು ಬರೆಯುವುದು. ಪಠ್ಯ ಬಂದಿದ್ದರೆ ಪಠ್ಯವನ್ನೇ, ಪಟ್ಟಿ ಬಂದಿದ್ದರೆ ಪಟ್ಟಿಯನ್ನೇ ಕೊಡಿ.

2. ಆದ್ಯತೆಯ ಸಂಖ್ಯೆಯನ್ನು ತಿಳಿದು ಹಾಕಿ. ಚಿಕ್ಕ ಸಂಖ್ಯೆ ಮೊದಲು ನಡೆಯುತ್ತದೆ. ಏನೂ ಹೇಳದಿದ್ದರೆ 10. ಸಂಖ್ಯೆ ಒಂದೇ ಆದರೆ ಮೊದಲು ಸೇರಿದ್ದು ಮೊದಲು. ಲೇಖನದ ಪಠ್ಯ ಹಾಯುವ ‘ದ ಕಂಟೆಂಟ್’ ಹುಕ್‌ನಲ್ಲಿ ಕೋರ್ ತಾನೇ ಸರದಿ ಇಟ್ಟಿದೆ: 9ರಲ್ಲಿ ಬ್ಲಾಕುಗಳು ಬಿಡಿಸಿಕೊಳ್ಳುತ್ತವೆ, 10ರಲ್ಲಿ ಪ್ಯಾರಾಗಳು ಮೂಡುತ್ತವೆ, 11ರಲ್ಲಿ ಶಾರ್ಟ್‌ಕೋಡುಗಳು ಅರಳುತ್ತವೆ. ಶಾರ್ಟ್‌ಕೋಡಿನಿಂದ ಮೂಡಿದ್ದನ್ನು ತಿದ್ದಬೇಕಾದರೆ 12 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬೇಕು. 10ರಲ್ಲಿ ಕಾದರೆ ನಿಮಗೆ ಸಿಗುವುದು ಚೌಕ ಆವರಣ ಮಾತ್ರ.

3. ಎಷ್ಟು ಆರ್ಗ್ಯುಮೆಂಟ್ ಬೇಕೆಂದು ಹೇಳಿ ಪಡೆಯಿರಿ. ‘ಸೇವ್ ಪೋಸ್ಟ್’ ಹುಕ್ ಮೂರನ್ನು ಕಳಿಸುತ್ತದೆ: ಲೇಖನದ ಸಂಖ್ಯೆ, ಲೇಖನ, ಇದು ತಿದ್ದುಪಡಿಯೇ ಎಂಬ ಗುರುತು. ಸೇರಿಸುವಾಗ ನೀವು ಏನೂ ಹೇಳದಿದ್ದರೆ ನಿಮಗೆ ಬರುವುದು ಒಂದೇ. ಫಂಕ್ಷನ್ ಮೂರನ್ನು ಬಯಸಿ, ಬಂದದ್ದು ಒಂದಾದರೆ, ಪಿಎಚ್‌ಪಿ 7.1ರಿಂದೀಚೆಗೆ ಅದು ಮಾರಕ ದೋಷ. ಉಳಿಸಲು ಒತ್ತಿದ ಸಂಪಾದಕರ ಎದುರೇ ಸೈಟ್ ನಿಲ್ಲುತ್ತದೆ.

4. ಸರಿಯಾದ ಹೊತ್ತಿಗೆ ಕಾಯಿರಿ. ಮೊದಲು ಪ್ಲಗಿನ್‌ಗಳು ಏರುತ್ತವೆ, ‘ಪ್ಲಗಿನ್ಸ್ ಲೋಡೆಡ್’ ಕರೆ ಬರುತ್ತದೆ. ಬಳಿಕ ಥೀಮ್, ಆಮೇಲೆ ‘ಇನಿಟ್’, ಕೊನೆಗೆ ಪುಟ. ಕನ್ನಡ ಅನುವಾದ ಬೇಡುವ ಮಾತುಗಳನ್ನು ಇನಿಟ್‌ಗಿಂತ ಮೊದಲು ಕರೆಯಬೇಡಿ. 2024ರ 6.7 ಆವೃತ್ತಿಯಿಂದ ಹೀಗೆ ಆತುರಪಟ್ಟ ಪ್ಲಗಿನ್‌ಗಳನ್ನು ಕೋರ್ ಡೀಬಗ್ ಲಾಗ್‌ನಲ್ಲಿ ಹೆಸರಿಸಿ ಎಚ್ಚರಿಸುತ್ತದೆ. ಸ್ಕ್ರಿಪ್ಟು, ಸ್ಟೈಲುಗಳನ್ನು ‘ಎನ್‌ಕ್ಯೂ ಸ್ಕ್ರಿಪ್ಟ್ಸ್’ ಹುಕ್‌ನಲ್ಲೇ ಸೇರಿಸಿ, ಟೆಂಪ್ಲೇಟಿನಲ್ಲಿ ನೇರವಾಗಿ ಬರೆಯಬೇಡಿ.

5. ಬಿಚ್ಚಲು ಬರುವಂತೆ ಕಟ್ಟಿ. ನಿಮ್ಮ ಫಂಕ್ಷನನ್ನು ಇನ್ನೊಬ್ಬರು ತೆಗೆಯಬೇಕಾದರೆ ಅವರು ಅದೇ ಹೆಸರನ್ನೂ ಅದೇ ಆದ್ಯತೆಯನ್ನೂ ಹೇಳಬೇಕು, ಅದೂ ನೀವು ಸೇರಿಸಿದ ಮೇಲೆ. ಹೆಸರಿಲ್ಲದ ಫಂಕ್ಷನ್ ಕಟ್ಟಿದರೆ ಅವರು ಹೇಳುವುದೇನನ್ನು? ಹಂಚುವ ಪ್ಲಗಿನ್‌ನಲ್ಲಿ ಹೆಸರಿರುವ ಫಂಕ್ಷನ್ ಮಾತ್ರ. ಆ ಹೆಸರಿಗೆ ನಿಮ್ಮದೇ ಪೂರ್ವಪದ ಇರಲಿ. ‘ಸೇವ್ ಡೇಟಾ’ ಎಂಬಂಥ ಹೆಸರನ್ನು ಇನ್ನೊಂದು ಪ್ಲಗಿನ್ ಕೂಡ ಇಟ್ಟಿದ್ದರೆ ಎರಡೂ ಕೂಡಿ ಸೈಟನ್ನು ಬೀಳಿಸುತ್ತವೆ.

6. ನೀವೂ ಹುಕ್ ಇಡಿ, ಇಟ್ಟ ಮಾತಿಗೆ ನಿಲ್ಲಿ. ನಿಮ್ಮ ಪ್ಲಗಿನ್‌ನಲ್ಲಿ ಇತರರು ಬದಲಿಸಲು ಬಯಸುವ ಜಾಗಗಳಿರುತ್ತವೆ. ಅಲ್ಲಿ ‘ಡೂ ಆ್ಯಕ್ಷನ್’ ಅಥವಾ ‘ಅಪ್ಲೈ ಫಿಲ್ಟರ್ಸ್’ ಇಡಿ, ಏನು ಕಳಿಸುತ್ತೀರಿ ಎಂದು ಪಕ್ಕದಲ್ಲೇ ಬರೆಯಿರಿ. ಒಮ್ಮೆ ಇಟ್ಟ ಹುಕ್ ಎಂದರೆ ಕೊಟ್ಟ ಮಾತು. ಹೆಸರು ಬದಲಿಸಲೇಬೇಕಾದರೆ ಹಳೆಯದನ್ನು ಥಟ್ಟನೆ ಕಿತ್ತುಹಾಕದೆ, ಇದಕ್ಕೆಂದೇ ಕೋರ್ ಕೊಟ್ಟಿರುವ ‘ಡೆಪ್ರಿಕೇಟೆಡ್’ ರೂಪಗಳ ಮೂಲಕ ಮುನ್ಸೂಚನೆ ಕೊಡಿ.

7. ಹೊರಡುವಾಗ ಗುಡಿಸಿ ಹೋಗಿ. ನಿಷ್ಕ್ರಿಯಗೊಳಿಸುವುದು ಬೇರೆ, ಅಳಿಸುವುದು ಬೇರೆ. ನಿಷ್ಕ್ರಿಯಗೊಳಿಸಿದಾಗ ನೀವು ನಿಗದಿ ಮಾಡಿದ ಕ್ರಾನ್ ಕೆಲಸಗಳನ್ನು ತೆಗೆಯಿರಿ. ಬಳಕೆದಾರರ ಮಾಹಿತಿಯನ್ನು ಮುಟ್ಟಬೇಡಿ, ಅವರು ನಾಳೆ ಮತ್ತೆ ಸಕ್ರಿಯಗೊಳಿಸಬಹುದು. ಪ್ಲಗಿನ್ ಅನ್ನೇ ಅಳಿಸಿದಾಗ ಮಾತ್ರ ‘ಅನ್‌ಇನ್‌ಸ್ಟಾಲ್’ ಫೈಲಿನ ಮೂಲಕ ನಿಮ್ಮ ಟೇಬಲ್, ಆಯ್ಕೆಗಳನ್ನು ತೆಗೆದುಹಾಕಿ.

ಮಾಡಬಾರದ್ದು

1. ಕೋರ್ ಫೈಲುಗಳನ್ನು ತಿದ್ದಕೂಡದು. ಒಂದೇ ಸಾಲಾದರೂ ಬೇಡ. ಮುಂದಿನ ಅಪ್‌ಡೇಟ್ ಅದನ್ನು ಒರೆಸಿಹಾಕುತ್ತದೆ. ಅದಕ್ಕೆ ಹೆದರಿ ಅಪ್‌ಡೇಟನ್ನೇ ನಿಲ್ಲಿಸಿದರೆ ಸುರಕ್ಷತೆಯ ತೇಪೆಗಳೂ ನಿಲ್ಲುತ್ತವೆ.

2. ಫಿಲ್ಟರಿನಲ್ಲಿ ಎಕೋ ಮಾಡಕೂಡದು, ಅಡ್ಡ ಕೆಲಸ ಮಾಡಕೂಡದು. ಎಕೋ ಮಾಡಿದ್ದು ಪುಟದಲ್ಲಿ ಬೇಕಾದಲ್ಲಿ ಬಾರದೆ ಬೇಡದಲ್ಲಿ ಬೀಳುತ್ತದೆ. ದ ಕಂಟೆಂಟ್ ಫಿಲ್ಟರಿನೊಳಗೆ ‘ಈ ಲೇಖನ ಓದಿದವರು ಇಷ್ಟು’ ಎಂದು ಎಣಿಸುವುದೂ ತಪ್ಪು. ಸಂಪಾದಕರು ಸಾರಾಂಶ ಬರೆಯದಿದ್ದರೆ ಅದನ್ನು ತಾನೇ ತಯಾರಿಸಲು ಕೋರ್ ಇದೇ ಫಿಲ್ಟರನ್ನು ಓಡಿಸುತ್ತದೆ. ಹತ್ತು ಲೇಖನಗಳ ಪಟ್ಟಿ ತೆರೆದವರು ಹತ್ತನ್ನೂ ಓದಿದಂತೆ ಲೆಕ್ಕ ಬರುತ್ತದೆ.

3. ಸೇವ್ ಪೋಸ್ಟ್ ಒಳಗೆ ಲೇಖನವನ್ನು ಮತ್ತೆ ಉಳಿಸಕೂಡದು. ಉಳಿಸಿದೊಡನೆ ಅದೇ ಹುಕ್ ಮತ್ತೆ ಕರೆಯುತ್ತದೆ, ನೀವು ಮತ್ತೆ ಉಳಿಸುತ್ತೀರಿ, ಸರ್ವರಿನ ಮೆಮೊರಿ ಮುಗಿಯುವವರೆಗೂ ಈ ಸುತ್ತಾಟ ನಿಲ್ಲದು. ಬೇರೆ ದಾರಿಯೇ ಇಲ್ಲದಿದ್ದರೆ ಮೊದಲು ನಿಮ್ಮ ಫಂಕ್ಷನನ್ನು ಹುಕ್‌ನಿಂದ ಬಿಡಿಸಿ, ಉಳಿಸಿ, ಮತ್ತೆ ಕಟ್ಟಿ. ಆಟೋಸೇವ್ ಮತ್ತು ರಿವಿಷನ್ ಬಂದಾಗ ಸುಮ್ಮನೆ ಹಿಂದಿರುಗಿ.

4. ‘ಈಸ್ ಅಡ್ಮಿನ್’ ಅನ್ನು ಅನುಮತಿ ಪತ್ರವೆಂದು ತಿಳಿಯಕೂಡದು. ಅದು ಹೇಳುವುದು ವಿನಂತಿ ಆಡಳಿತದ ವಿಳಾಸಕ್ಕೆ ಬಂತು ಎಂದಷ್ಟೇ. ಬಂದವರು ಯಾರೆಂದು ಅಲ್ಲ. ‘ಅಡ್ಮಿನ್ ಇನಿಟ್’ ಹುಕ್ ಲಾಗಿನ್ ಆಗದವರ ಅಜಾಕ್ಸ್ ವಿನಂತಿಗೂ ಓಡುತ್ತದೆ. ಅಲ್ಲಿ ಸೆಟ್ಟಿಂಗ್ ಬದಲಿಸುವ ಕೋಡ್ ಇಟ್ಟರೆ ಬೀದಿಗೆ ಬಾಗಿಲು ತೆರೆದಿಟ್ಟಂತೆ. ಅಧಿಕಾರವನ್ನು ‘ಕರೆಂಟ್ ಯೂಸರ್ ಕ್ಯಾನ್’ ಮೂಲಕ, ವಿನಂತಿಯ ಮೂಲವನ್ನು ‘ನಾನ್ಸ್’ ಮೂಲಕ ಪರೀಕ್ಷಿಸಿ. ಎರಡೂ ಬೇಕು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

5. ಇನಿಟ್‌ನಲ್ಲಿ ಭಾರ ಹೊರಿಸಕೂಡದು. ಇನಿಟ್ ಪ್ರತಿ ವಿನಂತಿಗೂ ನಡೆಯುತ್ತದೆ. ಅಲ್ಲಿ ನಿಂತು ಹವಾಮಾನವನ್ನೋ ಚಿನ್ನದ ಬೆಲೆಯನ್ನೋ ಬೇರೆ ಸರ್ವರಿನಿಂದ ಕೇಳಿದರೆ, ಆ ಸರ್ವರ್ ತಡಮಾಡಿದಷ್ಟೂ ನಿಮ್ಮ ಓದುಗರು ಕಾಯುತ್ತಾರೆ. ಕ್ರಾನ್‌ನಿಂದ ತಂದು ‘ಟ್ರಾನ್ಸಿಯೆಂಟ್’ನಲ್ಲಿ ಇಟ್ಟುಕೊಳ್ಳಿ. ರೀರೈಟ್ ನಿಯಮಗಳನ್ನು ಫ್ಲಶ್ ಮಾಡುವುದು ಸಕ್ರಿಯಗೊಳಿಸುವಾಗ ಒಮ್ಮೆ ಮಾತ್ರ.

6. ‘ಪ್ರೀ ಗೆಟ್ ಪೋಸ್ಟ್ಸ್’ನಲ್ಲಿ ಕಣ್ಣುಮುಚ್ಚಿ ಕೈಹಾಕಕೂಡದು. ಈ ಹುಕ್ ಮುಖ್ಯ ಪಟ್ಟಿಗೆ ಮಾತ್ರವಲ್ಲ, ವಿಜೆಟ್, ಮೆನು, ಆಡಳಿತದ ಪಟ್ಟಿಗಳಿಗೂ ನಡೆಯುತ್ತದೆ. ಇದು ಆಡಳಿತದ ಪುಟವಲ್ಲ, ಇದು ಮುಖ್ಯ ಕ್ವೆರಿ ಎಂಬ ಎರಡನ್ನೂ ಖಚಿತ ಮಾಡಿಕೊಳ್ಳದೆ ಏನನ್ನೂ ಬದಲಿಸಬೇಡಿ.

7. ಆದ್ಯತೆಯ ಜಗಳಕ್ಕೆ ಇಳಿಯಕೂಡದು. ಇನ್ನೊಂದು ಪ್ಲಗಿನ್ 999 ಹಾಕಿತೆಂದು ನೀವು 9999 ಹಾಕಿದರೆ ಸಮಸ್ಯೆ ತೀರುವುದಿಲ್ಲ, ಮುಂದೆ ಬರುವವರ ತಲೆಗೆ ಹೋಗುತ್ತದೆ. ಯಾರು, ಏಕೆ ಬದಲಿಸುತ್ತಿದ್ದಾರೆ ಎಂದು ಹುಡುಕಿ, ಅವರದನ್ನು ಬಿಡಿಸಿ ಅಥವಾ ಅವರೊಡನೆ ಮಾತಾಡಿ.

ಕನ್ನಡ ಸೈಟುಗಳಿಗೆ ವಿಶೇಷ ಎಚ್ಚರಿಕೆ

ಶೀರ್ಷಿಕೆ ಮತ್ತು ಸಾರಾಂಶವನ್ನು ಮೊಟಕುಗೊಳಿಸುವ ಫಿಲ್ಟರುಗಳನ್ನು ಬಹಳ ಮಂದಿ ಇಂಗ್ಲಿಷ್ ಮನಸ್ಸಿನಲ್ಲಿಟ್ಟು ಬರೆದಿದ್ದಾರೆ. ಅವು ಬೈಟ್ ಎಣಿಸಿ ಕತ್ತರಿಸುತ್ತವೆ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಬಿಡಿಸಿ ನೋಡಿ: ಸ, ವಿರಾಮ, ತ, ವಿರಾಮ, ರ, ಈಕಾರ. ಆರು ಸಂಕೇತ, 18 ಬೈಟ್. ಹತ್ತನೆಯ ಬೈಟಿಗೆ ಕತ್ತರಿ ಬಿದ್ದರೆ ಉಳಿಯುವುದು ‘ಸ್ತ’, ಅದರ ಬೆನ್ನಿಗೆ ಪ್ರಶ್ನೆ ಗುರುತಿನ ಕಪ್ಪು ವಜ್ರಾಕೃತಿ. ಸಂಕೇತ ಎಣಿಸಿ ಕತ್ತರಿಸಿದರೂ ಒತ್ತಕ್ಷರ ಒಡೆಯಬಹುದು. ಆದ್ದರಿಂದ ಕನ್ನಡವನ್ನು ಪದದ ಗಡಿಯಲ್ಲಿ ಮಾತ್ರ ಮೊಟಕು ಮಾಡಿ.

ಲೇಖನದ ವಿಳಾಸದ ಕಥೆಯೂ ಇದೇ. ವಿಳಾಸವನ್ನಿಡುವ ಡೇಟಾಬೇಸ್ ಅಂಕಣ ಹಿಡಿಯುವುದು 200 ಅಕ್ಷರ. ಕನ್ನಡದ ಒಂದೊಂದು ಸಂಕೇತ ಶೇಕಡಾ ಚಿಹ್ನೆಯ ರೂಪದಲ್ಲಿ ಒಂಬತ್ತು ಜಾಗ ತಿನ್ನುತ್ತದೆ. ‘ಸ್ತ್ರೀ’ ಒಂದೇ 54. ಇಪ್ಪತ್ತೆರಡು ಸಂಕೇತಕ್ಕೆ ವಿಳಾಸ ಮುಗಿಯಿತು. ಇದಕ್ಕೆ ಪರಿಹಾರವೆಂದು ‘ಸ್ಯಾನಿಟೈಸ್ ಟೈಟಲ್’ ಹುಕ್‌ನಲ್ಲಿ ಲಿಪಿ ಬದಲಿಸಲು ಹೊರಡುವವರು ಒಂದನ್ನು ತಿಳಿದಿರಲಿ: ಆ ಹುಕ್ ವರ್ಗ, ಟ್ಯಾಗುಗಳ ವಿಳಾಸಕ್ಕೂ ನಡೆಯುತ್ತದೆ. ಎಚ್ಚರ ತಪ್ಪಿದರೆ ಹಳೆಯ ಕೊಂಡಿಗಳು ಮುರಿಯುತ್ತವೆ. ಸಂಪಾದಕರು ಪ್ರಕಟಿಸುವ ಮುನ್ನ ಚಿಕ್ಕ ವಿಳಾಸವನ್ನು ಕೈಯಾರೆ ಬರೆಯುವುದೇ ಸುರಕ್ಷಿತ.

ಏರಿಸುವ ಮುನ್ನ

ಪ್ರಯೋಗದ ಸೈಟಿನಲ್ಲಿ ‘ಡಬ್ಲ್ಯೂಪಿ ಡೀಬಗ್’ ತೆರೆದಿಟ್ಟು, ಎಚ್ಚರಿಕೆಗಳನ್ನು ಪರದೆಗೆ ಬಿಡದೆ ಲಾಗ್ ಫೈಲಿಗೆ ಕಳಿಸಿ, ಒಂದೊಂದನ್ನೂ ಓದಿ. ಪ್ಲಗಿನ್ ನಿಷ್ಕ್ರಿಯಗೊಳಿಸಿ ಸೈಟ್ ಮೊದಲಿನಂತೆ ನಿಂತಿದೆಯೇ ನೋಡಿ. ಮಾರಕ ದೋಷ ಬಂದರೆ ಆಡಳಿತಗಾರರ ಇಮೇಲಿಗೆ ಕೊಂಡಿ ಕಳಿಸುವ ರಿಕವರಿ ಮೋಡ್ 2019ರ 5.2 ಆವೃತ್ತಿಯಿಂದ ಇದೆ. ಆ ಇಮೇಲ್ ಸರಿಯಾದವರಿಗೆ ತಲುಪುತ್ತದೆಯೇ ಖಚಿತಪಡಿಸಿಕೊಳ್ಳಿ. ಅದೂ ಕೈಕೊಟ್ಟರೆ ಸರ್ವರಿನಲ್ಲಿ ಪ್ಲಗಿನ್ ಫೋಲ್ಡರಿನ ಹೆಸರು ಬದಲಿಸಿ. ಕೋರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಕೊನೆಯದಾಗಿ, ನಿಮ್ಮ ಕೋಡ್ ಬದಲಿಸುವ ಪುಟವನ್ನು ನೀವು ಹೇಗೂ ತೆರೆದು ನೋಡುತ್ತೀರಿ. ಅದು ಮುಟ್ಟಬಾರದ ಪುಟಗಳನ್ನೂ ತೆರೆಯಿರಿ: ಮುಖಪುಟ, ವರ್ಗದ ಪಟ್ಟಿ, ಹುಡುಕಾಟ, ಫೀಡ್, ಸಂಪರ್ಕ. ನಾನು ಅಂದು ತೆರೆಯದೆ ಬಿಟ್ಟದ್ದು ಚಂದಾ ಪುಟವನ್ನು.