ಮುಖ್ಯಾಂಶಗಳು: ಗ್ರಾಸ್‌ಹಾಪರ್ ಮತ್ತು ಡೈನಮೊ ಸ್ಕ್ರಿಪ್ಟ್‌ಗಳಿಗೆ ಡೇಟಾ ಒಳಬರುವ, ಹೊರಹೋಗುವ ಬಗೆ

• ಗ್ರಾಸ್‌ಹಾಪರ್ ರೈನೊ ತಂತ್ರಾಂಶದೊಳಗಿನ ದೃಶ್ಯ ಪ್ರೋಗ್ರಾಮಿಂಗ್ ಸಾಧನ. ರೂಪಿಸಿದವರು ಡೇವಿಡ್ ರುಟನ್. ಅಂಥದ್ದೇ ಸಾಧನವಾದ ಡೈನಮೊ ಹೆಚ್ಚಾಗಿ ಬಳಕೆಯಾಗುವುದು ಆಟೊಡೆಸ್ಕ್‌ನ ರೆವಿಟ್ ಜೊತೆ. ಎರಡರಲ್ಲೂ ಸಿದ್ಧ ನೋಡ್‌ಗಳು ಸಾಲದ ಕಡೆ ಪೈಥಾನ್ ಬರೆಯಬಹುದು.

• ಗ್ರಾಸ್‌ಹಾಪರ್‌ನಲ್ಲಿ ಇನ್‌ಪುಟ್‌ಗೆ ಇಟ್ಟ ಹೆಸರೇ ಸ್ಕ್ರಿಪ್ಟ್‌ನ ವೇರಿಯಬಲ್. ಔಟ್‌ಪುಟ್ ಹೆಸರಿಗೆ ಸ್ಕ್ರಿಪ್ಟ್‌ನಲ್ಲಿ ಬೆಲೆ ಕೊಡದಿದ್ದರೆ ಆ ವೈರ್‌ನಲ್ಲಿ ಏನೂ ಬರುವುದಿಲ್ಲ. ಪ್ರಿಂಟ್ ಮಾಡಿದ್ದು 'ಔಟ್' ಎಂಬ ಬೇರೆ ಪೋರ್ಟ್‌ಗೆ ಹೋಗುತ್ತದೆ.

• ಅತಿ ಮುಖ್ಯವಾದದ್ದು ಆಕ್ಸೆಸ್, ಅಂದರೆ ಡೇಟಾ ಸ್ಕ್ರಿಪ್ಟ್‌ಗೆ ಒಂದೊಂದಾಗಿ (ಐಟಂ), ಕವಲಿಗೊಂದು ಪಟ್ಟಿಯಾಗಿ (ಲಿಸ್ಟ್) ಅಥವಾ ಎಲ್ಲ ಕವಲುಗಳೂ ಒಟ್ಟಿಗೆ (ಟ್ರೀ) ಬರುವ ಬಗೆ. ಇನ್‌ಪುಟ್ ಒಂದೇ ಇದೆ, ಅದಕ್ಕೆ 10 ಕವಲುಗಳಲ್ಲಿ ತಲಾ 10ರಂತೆ 100 ಬಿಂದುಗಳು ಬರುತ್ತಿವೆ ಎನ್ನೋಣ. ಐಟಂ ಆಕ್ಸೆಸ್‌ನಲ್ಲಿ ಸ್ಕ್ರಿಪ್ಟ್ 100 ಸಲ ಓಡುತ್ತದೆ, ಲಿಸ್ಟ್‌ನಲ್ಲಿ 10 ಸಲ, ಟ್ರೀಯಲ್ಲಿ ಒಂದೇ ಸಲ. ಸರಾಸರಿ ಲೆಕ್ಕಕ್ಕೆ ಇನ್‌ಪುಟ್ ಅನ್ನು ಐಟಂ ಆಕ್ಸೆಸ್‌ನಲ್ಲೇ ಬಿಟ್ಟರೆ ಪ್ರತಿ ಸಂಖ್ಯೆಯೂ ತನ್ನದೇ ಸರಾಸರಿಯಾಗಿ ಹೊರಬರುತ್ತದೆ. ದೋಷಸಂದೇಶವೂ ಕಾಣದು, ಅದೇ ಅಪಾಯ. ಕೋಡ್ ತಿದ್ದುವ ಮೊದಲು ಇನ್‌ಪುಟ್ ಮೇಲೆ ರೈಟ್ ಕ್ಲಿಕ್ ಮಾಡಿ ಆಕ್ಸೆಸ್ ಯಾವುದೆಂದು ನೋಡಬೇಕು.

• ಟೈಪ್ ಹಿಂಟ್: ಒಳಬರುವ ವಸ್ತು ಸಂಖ್ಯೆಯೋ, ಬಿಂದುವೋ, ವಕ್ರರೇಖೆಯೋ ಎಂಬ ಸೂಚನೆ. ಇದೂ ಅದೇ ರೈಟ್ ಕ್ಲಿಕ್ ಮೆನುವಿನಲ್ಲಿದೆ.

• ಡೈನಮೊ ಪೈಥಾನ್ ನೋಡ್‌ನಲ್ಲಿ ಇನ್‌ಪುಟ್‌ಗಳೆಲ್ಲ 'ಇನ್' ಎಂಬ ಒಂದೇ ಪಟ್ಟಿಯಲ್ಲಿ ಬರುತ್ತವೆ. ಎಣಿಕೆ 0ಯಿಂದ, ಮೂರನೆಯ ವೈರ್ ಎಂದರೆ ಇನ್[2]. ಹೊರದಾರಿ 'ಔಟ್' ಒಂದೇ. ಎರಡು ಫಲಿತಾಂಶ ಬೇಕಿದ್ದರೆ ಪಟ್ಟಿಯಾಗಿ ಕಳಿಸಿ, ಹೊರಗೆ ಬಿಡಿಸಿಕೊಳ್ಳಬೇಕು.

• ಇಲ್ಲಿ ಆಕ್ಸೆಸ್ ಆಯ್ಕೆ ಇಲ್ಲ. ಪಟ್ಟಿ ಬಂದರೆ ಲೂಪ್ ನಾವೇ ಬರೆಯಬೇಕು. ಇಂದು ಒಂದೇ ಗೋಡೆ, ನಾಳೆ ಹತ್ತು ಗೋಡೆ ಬರುವ ಕಡೆ, ಬಂದದ್ದು ಪಟ್ಟಿಯೇ ಎಂದು ಮೊದಲ ಸಾಲಿನಲ್ಲೇ ಪರೀಕ್ಷಿಸುವುದು ಒಳ್ಳೆಯದು.

• ರೆವಿಟ್ ಎಲಿಮೆಂಟ್‌ಗಳು ಡೈನಮೊದ ಹೊದಿಕೆಯೊಳಗೆ ಬರುತ್ತವೆ. ರೆವಿಟ್ ಎಪಿಐ ಬಳಸುವ ಮುನ್ನ 'ಅನ್‌ರ‍್ಯಾಪ್ ಎಲಿಮೆಂಟ್' ಫಂಕ್ಷನ್‌ನಿಂದ ಅದನ್ನು ಬಿಚ್ಚಬೇಕು.

• ರೆವಿಟ್ ಎಪಿಐ ಉದ್ದವನ್ನು ಅಡಿಯಲ್ಲಿ ಅಳೆಯುತ್ತದೆ; 1 ಅಡಿ = 304.8 ಮಿ.ಮೀ. ಮಿಲಿಮೀಟರ್ ಎಂದುಕೊಂಡು 3000 ಕಳಿಸಿದರೆ ಅದು 3000 ಅಡಿ ಎಂದೇ ಓದುತ್ತದೆ. ಒಳಗೆ ಕಳಿಸುವಾಗ 304.8ರಿಂದ ಭಾಗಿಸಿ, ಹೊರತರುವಾಗ ಗುಣಿಸಿ.