ಮೊದಲು ಸೀಲ್, ಆಮೇಲೆ ಕ್ರೋಮ್

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಮಾತ್ರ ನಮ್ಮೂರಿನ ಹಿತ್ತಿಲು, ಗ್ಯಾರೇಜು, ಗುಜರಿಗಳಲ್ಲಿ ಇನ್ನೂ ಸಿಗುತ್ತವೆ. ಅಂಥದ್ದೊಂದನ್ನು ತಂದು, ಮನೆಯ ಜಗಲಿಯ ಮೇಲೆ ಬಿಚ್ಚಿ ಹಾಕಿ, ಮತ್ತೆ ಓಡುವಂತೆ ಮಾಡಿದೆ. ಒಟ್ಟು 70,000 ರೂಪಾಯಿ ಹೋಯಿತು. ಅದರಲ್ಲಿ 12,200 ರೂಪಾಯಿ ಉಳಿಸಬಹುದಿತ್ತು.

ಮೊದಲ 9,000 ಹೋದದ್ದು ಆಸೆಗೆ. ಮೂರು ಗೋಣಿಚೀಲ ತುಂಬ ಬಿಡಿಭಾಗ, ಒಂದು ಚಾಸಿ, ಒಂದು ಎಂಜಿನ್. ಮಾರಿದವರು ಆರ್.ಸಿ. ಪುಸ್ತಕ ಆಮೇಲೆ ಕೊಡುತ್ತೇನೆಂದರು, ನಂಬಿದೆ. ಪುಸ್ತಕ ಬರಲೇ ಇಲ್ಲ. ದಾಖಲೆಯಿಲ್ಲದ ಗಾಡಿಗೆ ಎಷ್ಟು ಖರ್ಚು ಮಾಡಿದರೂ ಅದು ರಸ್ತೆಗೆ ಇಳಿಯುವಂತಿಲ್ಲ. ಎರಡನೆಯ ಸಲ 31,000 ಕೊಟ್ಟು, ದಾಖಲೆ ಸರಿಯಿದ್ದ, ಆದರೆ ಏಳೆಂಟು ವರ್ಷ ನಿಂತಲ್ಲೇ ನಿಂತಿದ್ದ ಗಾಡಿ ತಂದೆ. ದುಬಾರಿಯಾಗಿ ಕಂಡ ಅದೇ ನಿಜಕ್ಕೂ ಅಗ್ಗದ ಗಾಡಿ.

ರಿಪೇರಿಗೆ ಸಾಲ ಮಾಡಬಾರದೆಂದು ನಾನೂ ಮನೆಯಾಕೆಯೂ ಮಾತಾಡಿಕೊಂಡಿದ್ದೆವು. ಸಂಬಳ ಬಂದ ದಿನ 2,500 ರೂಪಾಯಿ ಒಂದು ಲಕೋಟೆಗೆ. ಲಕೋಟೆ ಖಾಲಿಯಾದರೆ ಸ್ಪ್ಯಾನರ್ ಕೆಳಗಿಡಬೇಕು. ಹೀಗೆ 12 ತಿಂಗಳು, 30,000. ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ, ನಾನು ಎಡವಿದ್ದೂ ಅಲ್ಲೇ.

ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಆ ಕೋಣೆಯಿಂದ ಗಾಳಿ ಸೋರದಂತೆ ಕಾಯುವುದು ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು. ಗಾಡಿ ವರ್ಷಗಟ್ಟಲೆ ನಿಂತರೆ ಆ ರಬ್ಬರು ಒಣಗಿ ಗಟ್ಟಿಯಾಗುತ್ತದೆ. ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ ಮೊದಲ ದಿನವೇ ಹೇಳಿದ್ದರು: "ಸಾರ್, ಮೊದ್ಲು ಕ್ರ್ಯಾಂಕ್ ಬಿಚ್ಸಿ, ಸೀಲ್ ಹಾಕ್ಸಿ. ಬಾಕಿದೆಲ್ಲ ಆಮೇಲೆ." ಕ್ರ್ಯಾಂಕ್ ಕೆಲಸಕ್ಕೆ 4,800 ಆಗುತ್ತಿತ್ತು. ಎರಡು ತಿಂಗಳು ಕಾಯಲಾರದೆ, 3,200ಕ್ಕೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿಬಿಟ್ಟೆ. ಎಂಜಿನ್ ಸದ್ದು ಕೇಳುವ ಆತುರ.

ಶ್ರೀರಂಗಪಟ್ಟಣ ದಾಟುವ ಮೊದಲೇ ಪಿಸ್ಟನ್ ಜಾಮ್ ಆಯಿತು. ಒಣಗಿದ ಸೀಲಿನಿಂದ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ, ಎಂಜಿನ್ ಅತಿಯಾಗಿ ಕಾದು, ಹಿಗ್ಗಿದ ಪಿಸ್ಟನ್ ಬೋರಿಗೇ ಅಂಟಿಕೊಂಡಿತ್ತು. ಕೊನೆಗೆ 4,800 ಕೊಡಲೇಬೇಕಾಯಿತು, ಜೊತೆಗೆ ಇನ್ನೊಮ್ಮೆ 3,200.

ಆಮೇಲೆ ಮೆಕ್ಯಾನಿಕ್ ಹೇಳಿದ ಕ್ರಮ ಬಿಡಲಿಲ್ಲ: ಬ್ರೇಕ್ ಶೂ, ಕೇಬಲ್, ಟೈರು, ವೈರಿಂಗು. ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು, ತುಕ್ಕು ಉಜ್ಜುವುದು, ವೈರು ಎಳೆಯುವುದು ಮನೆಯಲ್ಲೇ ಆಗುವ ಕೆಲಸ. ಕೂಲಿ ಉಳಿದದ್ದು ಅಲ್ಲಿ. ಬೋರು, ಕ್ರ್ಯಾಂಕು ಲೇತಿನವರಿಗೇ ಬಿಡಬೇಕು.

ಗೆಳೆಯರು ಮಡ್‌ಗಾರ್ಡ್ ಕತ್ತರಿಸು, ಬೇರೆ ಸೈಲೆನ್ಸರ್ ಹಾಕು ಎಂದರು. ಅಮೆರಿಕದಲ್ಲಿ ಹಳೆಯ ಫೋರ್ಡ್ ಕಾರುಗಳನ್ನು ಹೀಗೆ ಕತ್ತರಿಸಿ ಹಾಟ್ ರಾಡ್ ಮಾಡಿದವರ ಕೈಚಳಕದ ಬಗ್ಗೆ ನನಗೆ ತುಂಬ ಗೌರವವಿದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ: ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ದುಡ್ಡು ಕೊಟ್ಟು ದಂಡಕ್ಕೆ ದಾರಿ ಮಾಡಿಕೊಳ್ಳುವುದು ಬೇಡವೆಂದೆ.

ನೀವೂ ಹಳೆಯ ಗಾಡಿ ಕೊಳ್ಳುವುದಾದರೆ, ಮುಂಗಡ ಕೊಡುವ ಮುಂಚೆ ಒಂದು ಬಟ್ಟೆ, ಸ್ವಲ್ಪ ಸೀಮೆಎಣ್ಣೆ ತೆಗೆದುಕೊಂಡು ಹೋಗಿ. ಚಾಸಿ ನಂಬರು, ಎಂಜಿನ್ ನಂಬರು ಉಜ್ಜಿ ಆರ್.ಸಿ. ಜೊತೆ ಹೋಲಿಸಿ. ಒಂದು ಅಂಕಿ ತಪ್ಪಿದರೂ ವಾಪಸು ಬನ್ನಿ.

ನನ್ನ ಗಾಡಿಗೆ ಕ್ರೋಮ್ ಇನ್ನೂ ಆಗಿಲ್ಲ. 14,000 ಕೇಳಿದ್ದಾರೆ. ಲಕೋಟೆಯಲ್ಲಿ ಈಗ 5,000 ಇದೆ.